ಹೆಣ್ಣಿಗೆ ಹೆಣ್ಣೇ ಶತ್ರುವೇ? ನಗುಮುಖದ ಪೈಪೋಟಿಯನ್ನು ಎದುರಿಸುವ ಬಗೆ

ಪ್ರಶ್ನೆ: ನಾನು ಎಂಟು ಜನರ ತಂಡದಲ್ಲಿ ಕೆಲಸ ಮಾಡುತ್ತೇನೆ. ನನಗಿಂತ ಮೊದಲು ಸೇರಿದ ಸಹೋದ್ಯೋಗಿಯೊಬ್ಬರು ತುಂಬ ಆತ್ಮೀಯರಾಗಿದ್ದರು. ನನಗೊಂದು ದೊಡ್ಡ ಪ್ರಾಜೆಕ್ಟ್ ಸಿಕ್ಕ ಮೇಲೆ ಎಲ್ಲ ಬದಲಾಯಿತು. ಈಗಲೂ ಎದುರಿಗೆ ನಗುತ್ತಲೇ ಮಾತಾಡುತ್ತಾರೆ. ಆದರೆ ಮೀಟಿಂಗ್ ಸಮಯ ಬದಲಾದದ್ದು ನನಗೊಬ್ಬಳಿಗೇ ಗೊತ್ತಾಗುವುದಿಲ್ಲ. ನಾನಿಲ್ಲದ ವಾಟ್ಸಾಪ್ ಗುಂಪೊಂದು ಇದೆ. "ಪಾಪ, ಅವಳಿಗೆ ಈಚೆಗೆ ಕೆಲಸದ ಒತ್ತಡ ತಡೆಯೋಕಾಗ್ತಿಲ್ಲ ಅನ್ಸುತ್ತೆ" ಎಂದು ಮೇಲಧಿಕಾರಿಯ ಹತ್ತಿರ ಹೇಳಿದ್ದಾರಂತೆ. ಮನೆಯಲ್ಲಿ ಹೇಳಿಕೊಂಡರೆ "ಹೆಣ್ಣಿಗೆ ಹೆಣ್ಣೇ ಶತ್ರು, ತಲೆಗೆ ಹಚ್ಕೋಬೇಡ" ಎನ್ನುತ್ತಾರೆ. ಅದು ನಿಜವೇ? ನಾನೇ ಅತಿಯಾಗಿ ಯೋಚಿಸುತ್ತಿದ್ದೇನೆಯೇ? ಏನು ಮಾಡಲಿ?

ಉತ್ತರ: ನೀವು ಬರೆದ ಮೂರು ಸಂಗತಿಗಳು, ಅಂದರೆ ಮಾಹಿತಿ ತಲುಪದಂತೆ ಮಾಡುವುದು, ಗುಂಪಿನಿಂದ ಹೊರಗಿಡುವುದು, ಮರುಕದ ಮಾತಿನಲ್ಲಿ ಹೆಸರು ಕೆಡಿಸುವುದು, ಮನೋವಿಜ್ಞಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಅಧ್ಯಯನ ಮಾಡುತ್ತಿರುವ ವರ್ತನೆಗಳು. ಇದನ್ನು ಪರೋಕ್ಷ ಆಕ್ರಮಣ ಎನ್ನುತ್ತಾರೆ. ಇದರ ಲಕ್ಷಣವೇ ಏಟು ತಿಂದವರು "ಇದು ನನ್ನ ಭ್ರಮೆಯೋ ಏನೋ" ಎಂದು ತಮ್ಮನ್ನೇ ಅನುಮಾನಿಸುವಂತಾಗುವುದು. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ ಕಂಡುಕೊಳ್ಳುವ ದಾರಿಯನ್ನು ಮುಂದೆ ಹೇಳುತ್ತೇನೆ. ಮೊದಲನೆಯ ಪ್ರಶ್ನೆಗೆ ಮಾತ್ರ ಈಗಲೇ ಉತ್ತರಿಸಬಹುದು: ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಮಾತಿಗೆ ಸಂಶೋಧನೆಯಲ್ಲಿ ಆಧಾರವಿಲ್ಲ. ಅದು ತಪ್ಪು ಮಾತು ಮಾತ್ರವಲ್ಲ, ನಿಮ್ಮ ಸಮಸ್ಯೆ ಬಗೆಹರಿಯದಂತೆ ತಡೆಯುವ ಮಾತೂ ಹೌದು.

ಈ ನಂಬಿಕೆ ಎಲ್ಲಿಂದ ಬಲ ಪಡೆಯಿತು ಎಂಬುದನ್ನು ನೋಡಬೇಕು. 1969ರಲ್ಲಿ ಅಮೆರಿಕದ ನಾರ್ಮಾ ಫೆಶ್‌ಬ್ಯಾಕ್ ಅವರು ಒಂದನೇ ತರಗತಿಯ ಮಕ್ಕಳ ಪುಟ್ಟ ಗುಂಪುಗಳಿಗೆ ಹೊಸ ಮಗುವೊಂದನ್ನು ಸೇರಿಸಿ ಗಮನಿಸಿದಾಗ, ಹೊಸಬರನ್ನು ದೂರವಿಡುವುದು, ಕಡೆಗಣಿಸುವುದು ಹುಡುಗಿಯರಲ್ಲಿ ಹೆಚ್ಚು ಕಂಡಿತು. 1988ರಲ್ಲಿ ಫಿನ್ಲೆಂಡಿನ ಕಿರ್ಸ್ಟಿ ಲಾಗರ್‌ಸ್ಪೆಟ್ಸ್, ಕಾಯ್ ಬ್ಯೋರ್ಕ್‌ವಿಸ್ಟ್ ಮತ್ತು ಸಂಗಡಿಗರು 11–12 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿದರು: ನಿಮ್ಮ ತರಗತಿಯ ಇಂಥವರು ಸಿಟ್ಟು ಬಂದಾಗ ಏನು ಮಾಡುತ್ತಾರೆ? ಹುಡುಗರು ಒದೆಯುತ್ತಾರೆ, ಬೈಯುತ್ತಾರೆ; ಹುಡುಗಿಯರು ಬೆನ್ನ ಹಿಂದೆ ಮಾತಾಡುತ್ತಾರೆ, ಸೇಡಿಗಾಗಿ ಬೇರೊಬ್ಬಳ ಗೆಳೆತನ ಮಾಡುತ್ತಾರೆ ಎಂಬ ಉತ್ತರ ಬಂತು. 1995ರಲ್ಲಿ ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರೋಟ್‌ಪೀಟರ್ ಸಂಬಂಧವನ್ನೇ ಆಯುಧ ಮಾಡಿಕೊಳ್ಳುವ ಈ ಬಗೆಗೆ ಪ್ರತ್ಯೇಕ ಅಳತೆಪಟ್ಟಿ ರೂಪಿಸಿದರು. ಅಲ್ಲಿಂದ "ಗಂಡಸರು ಹೊಡೆದಾಡುತ್ತಾರೆ, ಹೆಂಗಸರು ಪಿತೂರಿ ಮಾಡುತ್ತಾರೆ" ಎಂಬ ಸರಳ ಚಿತ್ರ ಜನಪ್ರಿಯವಾಯಿತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ನೋಯೆಲ್ ಕಾರ್ಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಸುಮಾರು 74,000 ಮಕ್ಕಳು ಮತ್ತು ಹದಿಹರೆಯದವರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ನೇರ ಆಕ್ರಮಣದಲ್ಲಿ ಹುಡುಗರು ಸ್ಪಷ್ಟವಾಗಿ ಮುಂದಿದ್ದರು. ಪರೋಕ್ಷ ಆಕ್ರಮಣದಲ್ಲಿ ಹುಡುಗಿಯರದ್ದು ಕೂದಲೆಳೆಯಷ್ಟು ಹೆಚ್ಚು, ಇಲ್ಲವೆನ್ನುವಷ್ಟು ಅಲ್ಪ. ಅಂದರೆ ಗಂಡುಮಕ್ಕಳೂ ಹೆಚ್ಚುಕಡಿಮೆ ಅಷ್ಟೇ ಚಾಡಿ ಹೇಳುತ್ತಾರೆ, ಅಷ್ಟೇ ಹೊರಗಿಡುತ್ತಾರೆ. ಜೊತೆಗೆ ಹೊಡೆದಾಡುವುದನ್ನೂ ಮಾಡುತ್ತಾರೆ. ಹೆಣ್ಣುಮಕ್ಕಳಲ್ಲಿ ಹೊಡೆದಾಟ ಕಡಿಮೆ ಇರುವುದರಿಂದ ಅವರ ಒಟ್ಟು ಆಕ್ರಮಣದಲ್ಲಿ ಪರೋಕ್ಷದ ಪಾಲು ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಜಗತ್ತಿನಲ್ಲಿ ನಡೆಯುವ ಕೊಲೆಗಳ ಆರೋಪಿಗಳಲ್ಲಿ ಸುಮಾರು ಶೇ. 90ರಷ್ಟು ಗಂಡಸರು, ಕೊಲೆಯಾಗುವವರಲ್ಲೂ ಹೆಚ್ಚಿನವರು ಗಂಡಸರೇ ಎಂದು ವಿಶ್ವಸಂಸ್ಥೆಯ ಅಂಕಿಅಂಶ ಹೇಳುತ್ತದೆ. ಆದರೂ "ಗಂಡಿಗೆ ಗಂಡೇ ಶತ್ರು" ಎಂದು ಯಾರೂ ಹೇಳುವುದಿಲ್ಲ.

ಹರಟೆಯ ವಿಷಯದಲ್ಲೂ ಹೀಗೆಯೇ. 2019ರಲ್ಲಿ ಪ್ರಕಟವಾದ ಮೇಗನ್ ರಾಬಿನ್ಸ್ ಮತ್ತು ಅಲೆಕ್ಸಾಂಡರ್ ಕರಾನ್ ಅವರ ಅಧ್ಯಯನದಲ್ಲಿ 467 ಜನರ ದಿನನಿತ್ಯದ ಮಾತಿನ ತುಣುಕುಗಳನ್ನು ಸಣ್ಣ ಧ್ವನಿಗ್ರಾಹಕದಿಂದ ದಾಖಲಿಸಿದ್ದರು. ಎದುರಿಗಿಲ್ಲದವರ ಬಗ್ಗೆ ಒಬ್ಬ ವ್ಯಕ್ತಿ ದಿನಕ್ಕೆ ಸರಾಸರಿ 52 ನಿಮಿಷ ಮಾತಾಡುತ್ತಾನೆ ಎಂದು ಕಂಡಿತು. ಅದರ ಮುಕ್ಕಾಲು ಭಾಗ ಒಳ್ಳೆಯದೂ ಅಲ್ಲದ, ಕೆಟ್ಟದ್ದೂ ಅಲ್ಲದ ಬರೀ ಸುದ್ದಿ. ಹೆಂಗಸರು ಹೆಚ್ಚು ಆಡಿದ್ದು ಈ ಬಗೆಯ ಸುದ್ದಿಯನ್ನೇ. ಕೆಡುಕಿನ ಮಾತಿನಲ್ಲಿ ಅವರು ಗಂಡಸರಿಗಿಂತ ಮುಂದಿರಲಿಲ್ಲ.

ಹಾಗೆಂದು ಹೆಂಗಸರ ನಡುವೆ ಪೈಪೋಟಿಯೇ ಇಲ್ಲ, ಎಲ್ಲ ಗಂಡಸರ ಕಟ್ಟುಕಥೆ ಎನ್ನುವುದೂ ಸುಳ್ಳು. ಪೈಪೋಟಿ ಇದೆ, ಅದು ಚುರುಕಾಗಿಯೇ ಇದೆ. ಉರಿ ಗ್ನೀಜಿ, ಮುರಿಯಲ್ ನೀಡರ್ಲೆ ಮತ್ತು ಆಲ್ಡೊ ರಸ್ಟಿಕಿನಿ 2003ರ ಪ್ರಯೋಗದಲ್ಲಿ ಕಂಪ್ಯೂಟರ್ ಪರದೆಯ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಗಂಡಸರೂ ಇದ್ದ ಸ್ಪರ್ಧೆಯಲ್ಲಿ ಹೆಂಗಸರ ಸಾಧನೆ ಏರಲಿಲ್ಲ. ಹೆಂಗಸರೇ ಇದ್ದ ಸ್ಪರ್ಧೆಯಲ್ಲಿ ಏರಿತು. 2007ರಲ್ಲಿ ನೀಡರ್ಲೆ ಮತ್ತು ಲೀಸ್ ವೆಸ್ಟರ್ಲಂಡ್ ಅಂಕಿಗಳನ್ನು ಕೂಡುವ ಕೆಲಸ ಕೊಟ್ಟು, ಗೆದ್ದವರಿಗೆ ಮಾತ್ರ ಹೆಚ್ಚು ಹಣ ಸಿಗುವ ಸ್ಪರ್ಧೆ ಬೇಕೋ, ಮಾಡಿದಷ್ಟಕ್ಕೆ ಕೂಲಿ ಬೇಕೋ ಎಂದು ಕೇಳಿದಾಗ, ಗಂಡಸರಲ್ಲಿ ಶೇ. 73ರಷ್ಟು ಸ್ಪರ್ಧೆ ಆರಿಸಿದರು, ಹೆಂಗಸರಲ್ಲಿ ಶೇ. 35ರಷ್ಟು. ಕೆಲಸದ ಸಾಮರ್ಥ್ಯದಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ಇದು ಹುಟ್ಟುಗುಣವೇ? 2009ರಲ್ಲಿ ಗ್ನೀಜಿ, ಕೆನೆತ್ ಲಿಯೊನಾರ್ಡ್ ಮತ್ತು ಜಾನ್ ಲಿಸ್ಟ್ ಚೆಂಡನ್ನು ಬಕೆಟ್ಟಿಗೆ ಎಸೆಯುವ ಆಟದಿಂದ ಇದನ್ನು ಪರೀಕ್ಷಿಸಿದರು. ತಾನ್ಜಾನಿಯಾದ ಪಿತೃಪ್ರಧಾನ ಮಸಾಯಿ ಸಮುದಾಯದಲ್ಲಿ ಗಂಡಸರು ಸುಮಾರು ಎರಡುಪಟ್ಟು ಹೆಚ್ಚು ಸ್ಪರ್ಧೆ ಆರಿಸಿದರು. ಆಸ್ತಿ ಮತ್ತು ವಂಶ ತಾಯಿಯ ಕಡೆಯಿಂದ ಸಾಗುವ ಮೇಘಾಲಯದ ಖಾಸಿ ಸಮುದಾಯದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಮುಂದೆ ಬಂದರು. ಎಲ್ಲಿ ಹೆಂಗಸು ಎದ್ದು ನಿಂತು "ನನಗೆ ಗೆಲ್ಲಬೇಕು" ಎಂದರೆ ಯಾರೂ ಹುಬ್ಬೇರಿಸುವುದಿಲ್ಲವೋ ಅಲ್ಲಿ ಆಕೆ ಹಾಗೆ ಹೇಳುತ್ತಾಳೆ.

ಹಾಗೆ ಹೇಳಲು ಬಿಡದ ಕಡೆ ಏನಾಗುತ್ತದೆ? ಅಲ್ಲಿಯೇ ನಿಮ್ಮ ಕಚೇರಿಯ ಕಥೆ ಶುರುವಾಗುವುದು. ಜಾನ್ ಆರ್ಚರ್ 2004ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಸಿಟ್ಟಿನ ಪ್ರಮಾಣದಲ್ಲಿ ಗಂಡು ಹೆಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಸಿಟ್ಟು ಅಷ್ಟೇ ಇದ್ದು, ಅದನ್ನು ತೋರಿಸುವುದಕ್ಕೆ ತೆರಬೇಕಾದ ಬೆಲೆ ಮಾತ್ರ ಬೇರೆ ಬೇರೆ. ಬ್ಯೋರ್ಕ್‌ವಿಸ್ಟ್ ಇದನ್ನು ಪರಿಣಾಮ ಮತ್ತು ಅಪಾಯದ ಅನುಪಾತ ಎಂದು ವಿವರಿಸುತ್ತಾರೆ: ಎದುರಾಳಿಗೆ ಆದಷ್ಟು ಹೆಚ್ಚು ಪೆಟ್ಟು, ತನಗೆ ಆದಷ್ಟು ಕಡಿಮೆ ಅಪಾಯ. ಆನ್ ಕ್ಯಾಂಪ್‌ಬೆಲ್ 1999ರಲ್ಲಿ ಇದಕ್ಕೆ ವಿಕಾಸವಾದದ ಕಾರಣ ಕೊಟ್ಟರು. ಮಗುವಿನ ಉಳಿವು ತಾಯಿಯ ಉಳಿವನ್ನು ಹೆಚ್ಚು ಅವಲಂಬಿಸಿದ್ದರಿಂದ, ಮೈಗೆ ಗಾಯವಾಗುವ ಜಗಳವನ್ನು ತಪ್ಪಿಸಿ ಪೈಪೋಟಿ ನಡೆಸುವ ಎಚ್ಚರ ಹೆಣ್ಣಿನಲ್ಲಿ ಬೆಳೆಯಿತು ಎಂಬುದು ಅವರ ವಾದ. ಈ ವಾದಕ್ಕೆ ತೂಕವಿದೆ, ಆದರೆ ಕಚೇರಿಯ ಮಟ್ಟಿಗೆ ನೋಡಿದರೆ ಅಷ್ಟು ಹಿಂದಕ್ಕೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಮೇಜು ಗುದ್ದಿದ ಗಂಡಸನ್ನು ಖಡಕ್ ಎಂದು ಕರೆಯುವ, ಧ್ವನಿ ಏರಿಸಿದ ಹೆಂಗಸನ್ನು ಜಗಳಗಂಟಿ ಎನ್ನುವ ಜಾಗದಲ್ಲಿ ಬುದ್ಧಿಯಿರುವ ಯಾವ ಹೆಂಗಸೂ ಮೊದಲು ಹುಡುಕುವುದು ಸದ್ದಿಲ್ಲದ ದಾರಿಯನ್ನೇ. ಬ್ಯೋರ್ಕ್‌ವಿಸ್ಟ್ ತಂಡವೇ 1994ರಲ್ಲಿ ವಿಶ್ವವಿದ್ಯಾಲಯದ ನೌಕರರನ್ನು ಅಧ್ಯಯನ ಮಾಡಿದಾಗ, ಹೆಂಗಸರು ಸಂಬಂಧಗಳ ಮೂಲಕ ಮರೆಯಲ್ಲಿ ಹೊಡೆದರೆ, ಗಂಡಸರು ತರ್ಕದ ಮುಖವಾಡ ಹಾಕಿ ಮರೆಯಲ್ಲೇ ಹೊಡೆದದ್ದು ಕಂಡಿತು: ಮಾತಿಗೆ ಅಡ್ಡ ಬಾಯಿ ಹಾಕುವುದು, ಕೆಲಸವನ್ನು "ವಸ್ತುನಿಷ್ಠ" ಟೀಕೆಯ ಹೆಸರಿನಲ್ಲಿ ಕೆಳಗಿಳಿಸುವುದು. ಇಬ್ಬರದ್ದೂ ಮರೆಯ ಏಟೇ. ಒಂದಕ್ಕೆ ಮಾತ್ರ ಲಿಂಗದ ಹಣೆಪಟ್ಟಿ ಬಿದ್ದಿದೆ.

ಇನ್ನು "ಆತ್ಮೀಯರಾಗಿದ್ದವರೇ ಯಾಕೆ?" ಎಂಬ ಸಂಕಟ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಇದಕ್ಕೆ ಏಬ್ರಹಾಂ ಟೆಸ್ಸರ್ ಅವರ ಸಿದ್ಧಾಂತ ಬಹಳ ಉಪಯುಕ್ತ. ಇನ್ನೊಬ್ಬರ ಗೆಲುವು ನಮ್ಮನ್ನು ಕುಟುಕಬೇಕಾದರೆ ಎರಡು ಷರತ್ತು ಕೂಡಿಬರಬೇಕು. ಗೆದ್ದವರು ನಮಗೆ ಹತ್ತಿರದವರಾಗಿರಬೇಕು, ಗೆದ್ದ ಕ್ಷೇತ್ರ ನಮ್ಮ ಸ್ವಾಭಿಮಾನಕ್ಕೆ ಮುಖ್ಯವಾಗಿರಬೇಕು. ಗೆಳತಿ ಚೆನ್ನಾಗಿ ಹಾಡಿದರೆ, ನಾವು ಹಾಡುಗಾರರಲ್ಲದಿದ್ದರೆ, ಹೆಮ್ಮೆ. ಅದೇ ಗೆಳತಿಗೆ ನಾವು ಬಯಸಿದ ಪ್ರಾಜೆಕ್ಟ್ ಸಿಕ್ಕರೆ ಹೊಟ್ಟೆಯೊಳಗೆ ಕಿಚ್ಚು. ಆ ನೋವನ್ನು ಕಡಿಮೆ ಮಾಡಿಕೊಳ್ಳಲು ಮನಸ್ಸಿಗೆ ಮೂರೇ ದಾರಿ: ದೂರ ಸರಿಯುವುದು, ಆ ಕ್ಷೇತ್ರವೇ ಮುಖ್ಯವಲ್ಲ ಎಂದುಕೊಳ್ಳುವುದು, ಅಥವಾ ಗೆದ್ದವರ ಸಾಧನೆಯನ್ನು ಕುಗ್ಗಿಸುವುದು. ನಿಮ್ಮ ಸಹೋದ್ಯೋಗಿ ಒಂದನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಮಾಡುತ್ತಿರುವಂತೆ ಕಾಣುತ್ತದೆ. ಹೊಟ್ಟೆಕಿಚ್ಚಿನಲ್ಲೂ ಎರಡು ಬಗೆ ಇದೆ ಎಂದು ನೀಲ್ಸ್ ವಾನ್ ಡೆ ವೆನ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಒಂದು "ನಾನೂ ಅಷ್ಟೆತ್ತರಕ್ಕೆ ಏರಬೇಕು" ಎಂದು ದುಡಿಸುತ್ತದೆ, ಇನ್ನೊಂದು "ಅವಳನ್ನು ಕೆಳಗಿಳಿಸಬೇಕು" ಎನ್ನುತ್ತದೆ. ಗೆಲುವು ನ್ಯಾಯವಾಗಿ ಸಿಕ್ಕಿದ್ದಲ್ಲ ಎನಿಸಿದಾಗ ಮನಸ್ಸು ಎರಡನೆಯ ಕಡೆಗೆ ವಾಲುತ್ತದೆ. ಆ ಪ್ರಾಜೆಕ್ಟ್ ಯಾವ ಆಧಾರದ ಮೇಲೆ ನಿಮಗೆ ಬಂತು ಎಂದು ಮೇಲಧಿಕಾರಿ ತಂಡಕ್ಕೆ ತಿಳಿಸಿದ್ದರೇ? ತಿಳಿಸಿರದಿದ್ದರೆ ಬೀಜ ಅಲ್ಲಿಯೇ ಬಿದ್ದಿದೆ.

ಎತ್ತರದ ಸ್ಥಾನಗಳಲ್ಲಿ ಈ ಬೀಜ ಇನ್ನೂ ಬೇಗ ಮೊಳೆಯುತ್ತದೆ. ಮೇಲೇರಿದ ಹೆಂಗಸು ಕೆಳಗಿನ ಹೆಂಗಸರನ್ನು ದೂರವಿಡುವುದಕ್ಕೆ 1974ರಲ್ಲಿ ಗ್ರೇಯಮ್ ಸ್ಟೇನ್ಸ್, ಕ್ಯಾರಲ್ ಟಾವ್ರಿಸ್ ಮತ್ತು ಟೋಬಿ ಜಯರತ್ನೆ ರಾಣಿಜೇನು ಎಂಬ ಹೆಸರಿಟ್ಟರು. ಆ ಹೆಸರು ನಿಂತಿತು, ಕಾರಣದ ಕಡೆ ಜನ ಗಮನ ಕೊಡಲಿಲ್ಲ. 2011ರಲ್ಲಿ ಬೆಲ್ ಡೆರ್ಕ್ಸ್, ಕೊಲೆಟ್ ವಾನ್ ಲಾರ್, ನವೋಮಿ ಎಲ್ಲೆಮರ್ಸ್ ಮತ್ತು ಸಂಗಡಿಗರು ನೆದರ್ಲೆಂಡ್ಸ್‌ನ 63 ಹಿರಿಯ ಮಹಿಳಾ ಪೊಲೀಸ್ ಅಧಿಕಾರಿಗಳೊಂದಿಗೆ ಪ್ರಯೋಗ ಮಾಡಿದರು. ಕೆಲವರಿಗೆ ತಾವು ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಅನುಭವಿಸಿದ ಸಂದರ್ಭವನ್ನು ನೆನಪಿಸಿಕೊಳ್ಳಲು ಹೇಳಿದರು. ಹೆಣ್ಣುಗಳ ಬಳಗದೊಂದಿಗೆ ಗುರುತಿಸಿಕೊಳ್ಳದವರಲ್ಲಿ ಆ ನೆನಪು ರಾಣಿಜೇನಿನ ವರ್ತನೆಯನ್ನು ಹೆಚ್ಚಿಸಿತು. ಗುರುತಿಸಿಕೊಂಡವರಲ್ಲಿ ಅದೇ ನೆನಪು ಬೇರೆ ಹೆಂಗಸರಿಗೆ ದಾರಿ ಮಾಡಿಕೊಡುವ ಹುಮ್ಮಸ್ಸನ್ನು ಹೆಚ್ಚಿಸಿತು. ಇನ್ನೊಂದೆಡೆ ಬ್ರೆಜಿಲ್‌ನ ಪುರಸಭೆಗಳ ದಾಖಲೆ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಹಿಳೆ ಮೇಯರ್ ಆದ ಕಡೆ ಆಡಳಿತದ ಮೇಲಿನ ಮತ್ತು ಮಧ್ಯದ ಹುದ್ದೆಗಳಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದ್ದು ಕಂಡುಬಂದಿದೆ. ಅಲ್ಲಿ ಆಕೆಗೆ ನಿಜವಾದ ಅಧಿಕಾರವಿತ್ತು. ಅಮೆರಿಕದ 1,500 ದೊಡ್ಡ ಕಂಪನಿಗಳ 20 ವರ್ಷಗಳ ದಾಖಲೆ ನೋಡಿದ ಕ್ರಿಶ್ಚಿಯನ್ ಡೆಜೊ ಮತ್ತು ಸಂಗಡಿಗರು, ಆಡಳಿತದ ಮೇಲ್ತಂಡಕ್ಕೆ ಒಬ್ಬ ಮಹಿಳೆ ಬಂದ ಮೇಲೆ ಇನ್ನೊಬ್ಬ ಮಹಿಳೆ ಬರುವ ಸಾಧ್ಯತೆ ಕುಗ್ಗುವುದನ್ನು ಕಂಡರು. ಹೆಂಗಸರಿಗೆಂದು ಒಂದೇ ಕುರ್ಚಿ ಇಟ್ಟಿರುವ ಕೋಣೆಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಅಳೆಯುವುದು ಆ ಕುರ್ಚಿಯಿಂದಾಗಿ. ಎಂಟು ಜನರ ನಿಮ್ಮ ತಂಡದಲ್ಲಿ ಹೆಂಗಸರು ಎಷ್ಟು ಮಂದಿ, ಜವಾಬ್ದಾರಿಯ ಸ್ಥಾನದಲ್ಲಿ ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡಿ.

ಈಗ "ಪಾಪ" ಎಂಬ ಮಾತಿಗೆ ಬರೋಣ. ನಿಮಗೆ ಆಗುತ್ತಿರುವುದರಲ್ಲಿ ಹೆಚ್ಚು ಹಾನಿ ಮಾಡುವುದು ಇದೇ. ಟಾನಿಯಾ ರೆನಾಲ್ಡ್ಸ್ ಮತ್ತು ಸಹ ಸಂಶೋಧಕರ ಪ್ರಯೋಗಗಳಲ್ಲಿ, ಅದೇ ಕೆಟ್ಟ ಸುದ್ದಿಯನ್ನು ಕಾಳಜಿಯ ದನಿಯಲ್ಲಿ ಹೇಳಿದಾಗ ಹೇಳಿದವರ ಬಗ್ಗೆ ಕೇಳುಗರ ಅಭಿಪ್ರಾಯ ಹೆಚ್ಚು ಕೆಡಲಿಲ್ಲ. ಸುದ್ದಿಗೆ ಗುರಿಯಾದವರ ಹೆಸರು ಮಾತ್ರ ಕೆಟ್ಟಿತು. ಹಾಗೆ ಹೇಳುವವರು ಎಷ್ಟೋ ಸಲ ತಾವು ನಿಜಕ್ಕೂ ಕಾಳಜಿ ತೋರುತ್ತಿದ್ದೇವೆಂದೇ ನಂಬಿರುತ್ತಾರೆ. ಹಾಗಾಗಿ "ನೀವು ಬೇಕಂತಲೇ ಮಾಡಿದಿರಿ" ಎಂದು ಉದ್ದೇಶವನ್ನು ಹಿಡಿದು ಜಗ್ಗಿದರೆ ಸೋಲುವವರು ನೀವು. ಮನಸ್ಸಿನೊಳಗಿನದನ್ನು ಸಾಬೀತು ಮಾಡಲಾಗುವುದಿಲ್ಲ. ಆದದ್ದನ್ನು ಮಾಡಬಹುದು.

ಆದ್ದರಿಂದ ಮೊದಲ ಕೆಲಸ ದಾಖಲೆ. ಒಂದು ನೋಟ್‌ಬುಕ್ಕಿನಲ್ಲಿ ಅದೇ ದಿನ, ಹೆಚ್ಚೆಂದರೆ ಮಾರನೆಯ ದಿನ, ಐದು ಸಂಗತಿ ಬರೆಯಿರಿ: ದಿನಾಂಕ ಮತ್ತು ಸಮಯ, ಏನಾಯಿತು, ಯಾರಿದ್ದರು, ಆಡಿದ ಮಾತು ಇದ್ದದ್ದು ಇದ್ದಂತೆ, ಕೆಲಸದ ಮೇಲೆ ಅದರಿಂದಾದ ಪರಿಣಾಮ. "ಕೊಂಕಾಗಿ ನಕ್ಕರು", "ಬೇಕಂತಲೇ" ಎಂಬ ಪದಗಳು ಬೇಡ. "ಮಂಗಳವಾರ 11ರ ಮೀಟಿಂಗ್ 10ಕ್ಕೆ ಬದಲಾದ ಸಂದೇಶ ಉಳಿದ ಏಳು ಜನರಿಗೆ ಹೋಗಿದೆ, ನನಗೆ ಬಂದಿಲ್ಲ, ಗ್ರಾಹಕರ ಪ್ರಶ್ನೆಗೆ ಉತ್ತರಿಸುವವರಿಲ್ಲದೆ ನಿರ್ಧಾರ ಒಂದು ವಾರ ಮುಂದಕ್ಕೆ ಹೋಯಿತು" ಎಂಬಂಥ ವಾಕ್ಯ ಸಾಕು. ನಾಲ್ಕರಿಂದ ಆರು ವಾರ ಹೀಗೆ ಬರೆಯಿರಿ. ಕಚೇರಿಯ ಗೋಪ್ಯ ಕಡತ, ಇಮೇಲ್‌ಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದು ನಿಯಮಭಂಗವಾಗಿ ನಿಮ್ಮ ಮೇಲೆಯೇ ತಿರುಗಬಹುದು. ದಿನಾಂಕ, ಸಮಯ, ವಿಷಯಸಾಲು ಬರೆದುಕೊಂಡರೆ ಬೇಕಾದಾಗ ಹುಡುಕಿ ತೆಗೆಸಬಹುದು.

ಈ ದಾಖಲೆ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಕೊಡುತ್ತದೆ. ತಿಂಗಳ ನಂತರ ಓದಿ ಮೂರು ವಿಷಯ ಕೇಳಿಕೊಳ್ಳಿ. ಇದು ಮತ್ತೆ ಮತ್ತೆ ಆಗಿದೆಯೇ, ಒಂದೆರಡು ಸಲವೇ? ನಿಮಗೆ ಮಾತ್ರ ಆಗಿದೆಯೇ, ತಂಡದ ಇನ್ನಿಬ್ಬರಿಗೂ ಸಂದೇಶ ತಪ್ಪುತ್ತದೆಯೇ? ಪ್ರತಿ ಸಲ ಆದ ನಷ್ಟ ಒಂದೇ ದಿಕ್ಕಿನಲ್ಲಿದೆಯೇ? ಮೂರಕ್ಕೂ ಹೌದು ಎಂದಾದರೆ ನಿಮ್ಮ ಊಹೆ ಗಟ್ಟಿ. ಸಂದೇಶ ಎಲ್ಲರಿಗೂ ಆಗಾಗ ತಪ್ಪುತ್ತಿದ್ದರೆ ಅದು ಅವ್ಯವಸ್ಥೆ, ದ್ವೇಷವಲ್ಲ. ಆಗ ಪರಿಹಾರವೂ ಬೇರೆ. ಒಂದು ಮಾತು ಇಲ್ಲಿ ಹೇಳಲೇಬೇಕು: ಹೊರಗಿಡಲ್ಪಟ್ಟ ಮನಸ್ಸು ಎಲ್ಲದರಲ್ಲೂ ಅಪಾಯ ಕಾಣತೊಡಗುತ್ತದೆ. ಕಂಪ್ಯೂಟರ್ ಆಟದಲ್ಲಿ ಅಪರಿಚಿತರು ಚೆಂಡು ಎಸೆಯದೆ ಬಿಟ್ಟಾಗ ಮೆದುಳಿನಲ್ಲಿ ದೈಹಿಕ ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗ ಚುರುಕಾದದ್ದನ್ನು 2003ರಲ್ಲಿ ನವೋಮಿ ಐಸೆನ್‌ಬರ್ಗರ್ ತಂಡ ತೋರಿಸಿತ್ತು. ಜಾಯ್ಸ್ ಬೆನೆನ್‌ಸನ್ ತಂಡದ 2011ರ ಪ್ರಯೋಗದಲ್ಲಿ, ತಾವು ಹೊರಬೀಳುವ ಭಯ ಹುಟ್ಟಿದ ಕೂಡಲೇ ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಇನ್ನೊಬ್ಬರೊಂದಿಗೆ ಕೂಟ ಕಟ್ಟಿ ಮೂರನೆಯವರನ್ನು ಹೊರಗಿಡುವ ದಾರಿ ಹಿಡಿದರು. ನಿಮ್ಮ ಸಹೋದ್ಯೋಗಿಯೂ ಆ ಭಯದಲ್ಲೇ ಇರಬಹುದು. ನೀವೂ ಅದೇ ಭಯದಲ್ಲಿ ಅದೇ ದಾರಿ ಹಿಡಿಯುವ ಹೊಸ್ತಿಲಲ್ಲಿ ನಿಂತಿರಬಹುದು.

ಹಿಡಿಯಬೇಡಿ. ಇದು ಸಭ್ಯತೆಯ ಉಪದೇಶವಲ್ಲ, ಲೆಕ್ಕದ ಮಾತು. ಜಾನ್ ಸ್ಕೊರೊನ್‌ಸ್ಕಿ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದಂತೆ, ಒಬ್ಬರು ಇನ್ನೊಬ್ಬರ ಮೇಲೆ ಯಾವ ಗುಣ ಹೊರಿಸಿ ಮಾತಾಡುತ್ತಾರೋ ಆ ಗುಣ ಕೇಳುಗರ ಮನಸ್ಸಿನಲ್ಲಿ ಮಾತಾಡಿದವರಿಗೇ ಅಂಟಿಕೊಳ್ಳುತ್ತದೆ. "ಅವರು ಮೋಸಗಾತಿ" ಎಂದು ಹತ್ತು ಜನರಿಗೆ ಹೇಳಿದರೆ ಸ್ವಲ್ಪ ಮೋಸ ನಿಮ್ಮ ಹೆಸರಿಗೂ ಮೆತ್ತುತ್ತದೆ. ಅದೇ ರೀತಿ ನಿಮ್ಮ ಬಗ್ಗೆ ಹಬ್ಬಿದ ಮಾತನ್ನು ಪದೇಪದೇ ನಿರಾಕರಿಸುವುದೂ ತಪ್ಪು. ಕೇಳಿದ್ದನ್ನೇ ಮತ್ತೆ ಕೇಳಿದರೆ ಜನ ಅದನ್ನು ಹೆಚ್ಚು ನಂಬುತ್ತಾರೆ ಎಂದು 1977ರಲ್ಲಿಯೇ ಲಿನ್ ಹ್ಯಾಷರ್ ತಂಡ ಕಂಡುಕೊಂಡಿತ್ತು. "ನನಗೆ ಒತ್ತಡ ಆಗ್ತಿಲ್ಲ" ಎಂದು ಮೇಲಧಿಕಾರಿಗೆ ಮೂರು ಸಲ ಹೇಳಿದರೆ ಅವರ ತಲೆಯಲ್ಲಿ ಉಳಿಯುವುದು ಒತ್ತಡವೇ. ಅದರ ಬದಲು ಪ್ರತಿ ಶುಕ್ರವಾರ ನಾಲ್ಕು ಸಾಲಿನ ವರದಿ ಕಳಿಸಿ: ಈ ವಾರ ಮುಗಿದದ್ದು, ಮುಂದಿನ ವಾರದ್ದು, ತಡೆ ಏನಾದರೂ ಇದ್ದರೆ ಅದು, ನಿಮ್ಮಿಂದ ಬೇಕಾದ ನಿರ್ಧಾರ. ಆರು ವಾರದ ಇಂಥ ವರದಿಯ ಮುಂದೆ "ಪಾಪ, ತಡೆಯೋಕಾಗ್ತಿಲ್ಲ" ಎಂಬ ಮಾತು ನಿಲ್ಲುವುದಿಲ್ಲ. ಯಾರು ಮಾಡಿದ ಕೆಲಸ ಎಂಬ ಗೊಂದಲಕ್ಕೂ ಇದೇ ಮದ್ದು.

ಮುಂದೆ ನೇರ ಮಾತುಕತೆ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ, ಮಾಡಿದರೆ ಸಿಟ್ಟು ಉಕ್ಕಿದ ದಿನ ಮಾಡುತ್ತಾರೆ. ಎರಡೂ ಕೆಡುತ್ತದೆ. ಪರೋಕ್ಷ ಆಕ್ರಮಣ ನಿಂತಿರುವುದೇ "ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾದರೂ ಕೇಳುವುದಿಲ್ಲ" ಎಂಬ ಭರವಸೆಯ ಮೇಲೆ. ಒಮ್ಮೆ ಶಾಂತವಾಗಿ ಕೇಳಿದರೆ ಸಾಕು, ಅಪಾಯದ ಲೆಕ್ಕ ಬದಲಾಗುತ್ತದೆ. ಸಂದೇಶದಲ್ಲಿ ಬೇಡ, ಇತರರ ಎದುರು ಬೇಡ. ಇಬ್ಬರೇ ಇರುವ ಕಡೆ ಹತ್ತು ಹದಿನೈದು ನಿಮಿಷ. ಒಂದೇ ಘಟನೆ, ಅದರ ಪರಿಣಾಮ, ಒಂದು ಕೋರಿಕೆ:

"ಮಂಗಳವಾರ ಮೀಟಿಂಗ್ ಹತ್ತಕ್ಕೆ ಬದಲಾಗಿದ್ದು ನನಗೆ ಗೊತ್ತಾಗಲಿಲ್ಲ. ಅದರಿಂದ ಕ್ಲೈಂಟ್‌ಗೆ ಉತ್ತರ ಕೊಡೋಕಾಗಲಿಲ್ಲ. ಇನ್ಮೇಲೆ ಸಮಯ ಬದಲಾದರೆ ಕ್ಯಾಲೆಂಡರಿನಲ್ಲೇ ಬದಲಾಯಿಸ್ತೀರಾ?"

ಇಷ್ಟು ಹೇಳಿ ನಿಲ್ಲಿಸಿ. ಮೌನ ಭಾರವೆನಿಸಿ ಮತ್ತೆ ಮಾತು ಸೇರಿಸುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. "ನೀವು ಯಾವಾಗಲೂ", "ಎಲ್ಲರೂ ಹೇಳ್ತಾರೆ", "ಮೊದಲು ಹೀಗಿರಲಿಲ್ಲ" ಎಂಬ ಮಾತುಗಳು ಬಂದರೆ ವಿಷಯ ಸಂದೇಶದಿಂದ ಸ್ವಭಾವಕ್ಕೆ ಜಾರುತ್ತದೆ. ಅವರು "ಅಯ್ಯೋ, ನೀವು ತುಂಬ ಸೂಕ್ಷ್ಮ" ಎನ್ನಬಹುದು. ಅದಕ್ಕೆ ವಾದ ಬೇಡ. "ಇರಬಹುದು. ಕ್ಯಾಲೆಂಡರಿನಲ್ಲಿ ಬದಲಾಯಿಸಿದರೆ ನನಗೆ ಅನುಕೂಲ" ಎಂದು ಕೋರಿಕೆಯನ್ನೇ ಮತ್ತೆ ಹೇಳಿ. ಅಂದು ಸಂಜೆ "ನಾವು ಮಾತಾಡಿದಂತೆ ಇನ್ನು ಸಮಯದ ಬದಲಾವಣೆ ಕ್ಯಾಲೆಂಡರಿನಲ್ಲಿ, ಧನ್ಯವಾದ" ಎಂದು ಒಂದು ಸಾಲಿನ ಇಮೇಲ್ ಕಳಿಸಿ.

"ಪಾಪ" ಎಂಬ ಮಾತಿನ ಬಗ್ಗೆ ಕೇಳುವಾಗ ಅದನ್ನು ನಿಮಗೆ ತಿಳಿಸಿದವರ ಹೆಸರು ಎತ್ತಬೇಡಿ. ಆ ವ್ಯಕ್ತಿ ಮುಂದೆ ನಿಮಗೆ ಏನೂ ಹೇಳದಂತಾಗುತ್ತಾರೆ. "ನನ್ನ ಕೆಲಸದ ಬಗ್ಗೆ ನಿಮಗೆ ಆತಂಕ ಇದ್ದರೆ ನನಗೇ ಹೇಳಿ, ನಾನು ಕೇಳ್ತೀನಿ" ಎಂದರೆ ಸಾಕು. ಕಾಳಜಿ ನಿಜವಾದದ್ದಾದರೆ ಅದಕ್ಕೆ ದಾರಿ ಸಿಕ್ಕಿತು. ಅಲ್ಲದಿದ್ದರೆ ಮುಂದಿನ ಸಲ ನಿಮ್ಮ ಬೆನ್ನ ಹಿಂದೆ ಹೇಳುವುದಕ್ಕೆ ನೆಪ ಉಳಿಯಲಿಲ್ಲ.

ವಾಟ್ಸಾಪ್ ಗುಂಪಿನ ವಿಷಯದಲ್ಲಿ "ನನ್ನನ್ನೂ ಸೇರಿಸಿ" ಎಂದು ಕೇಳದಿರುವುದು ಒಳ್ಳೆಯದು. ಸ್ನೇಹದ ಗುಂಪಿಗೆ ಸೇರಿಸುವುದು, ಬಿಡುವುದು ಅವರವರ ಇಷ್ಟ. ಅಲ್ಲಿ ಕೆಲಸದ ನಿರ್ಧಾರಗಳು ಆಗುತ್ತಿದ್ದರೆ ಮಾತ್ರ ಅದು ಕಚೇರಿಯ ವಿಷಯ. ಆಗಲೂ ಗುಂಪಿನ ಬಗ್ಗೆ ದೂರಬೇಡಿ. "ಕೆಲಸದ ನಿರ್ಧಾರಗಳೆಲ್ಲ ತಂಡದ ಅಧಿಕೃತ ಚಾನೆಲ್‌ನಲ್ಲಿ ಬರಲಿ" ಎಂದು ಮೀಟಿಂಗಿನಲ್ಲಿ ಎಲ್ಲರಿಗೂ ಅನ್ವಯವಾಗುವಂತೆ ಕೇಳಿ.

ತಂಡದಲ್ಲಿ ನಿಮಗೆ ಬೇಕಾದದ್ದು ನಿಮ್ಮ ಪರ ಜಗಳವಾಡುವ ಪಕ್ಷವಲ್ಲ, ಒಬ್ಬ ನಿಷ್ಪಕ್ಷಪಾತಿ. ಡೊನಾ ಏಡರ್ ಮತ್ತು ಜ್ಯಾನೆಟ್ ಎಂಕ್ 1991ರಲ್ಲಿ ಹದಿಹರೆಯದವರ ಹರಟೆಗಳನ್ನು ಸಾಲುಸಾಲಾಗಿ ಪರಿಶೀಲಿಸಿ ಬಹಳ ಬೆಲೆಬಾಳುವ ಸಂಗತಿಯೊಂದನ್ನು ಕಂಡರು. ಯಾರಾದರೊಬ್ಬರ ಬಗ್ಗೆ ಕೆಟ್ಟ ಮಾತು ಬಿದ್ದಾಗ, ಮರುಕ್ಷಣ ಎರಡನೆಯವರು ಏನು ಹೇಳುತ್ತಾರೆ ಎಂಬುದರ ಮೇಲೆ ಇಡೀ ಹರಟೆಯ ದಿಕ್ಕು ನಿಂತಿರುತ್ತದೆ. ಎರಡನೆಯವರು "ಹೌದು" ಎಂದುಬಿಟ್ಟರೆ ಆಮೇಲೆ ಅಡ್ಡ ಹೇಳುವವರು ಸಿಗುವುದಿಲ್ಲ. ಎರಡನೆಯವರೇ "ನನಗೇನೂ ಹಾಗೆ ಅನ್ನಿಸಲಿಲ್ಲ" ಎಂದರೆ ಮಾತು ಅಲ್ಲಿಗೇ ಬಾಡುತ್ತದೆ. ನಿಮ್ಮ ಕೆಲಸವನ್ನು ಹತ್ತಿರದಿಂದ ಬಲ್ಲ, ಇಬ್ಬರ ಕಡೆಗೂ ಸೇರದ ಒಬ್ಬರಿದ್ದರೆ ಅವರ ಜೊತೆ ಕೆಲಸ ಹಂಚಿಕೊಳ್ಳಿ. ಅವರಿಗೆ ದೂರು ಹೇಳುವ ಅಗತ್ಯವಿಲ್ಲ. ನಿಮ್ಮ ಕೆಲಸ ಅವರ ಕಣ್ಣಿಗೆ ಬಿದ್ದಿದ್ದರೆ ಸಾಕು. ಬೇರೆಯವರ ಬಗ್ಗೆ ಮಾತು ಬಿದ್ದಾಗ ಆ ಎರಡನೆಯ ದನಿ ನೀವಾಗಿ.

ಮಾತುಕತೆಯ ನಂತರವೂ ಅದೇ ಮೂರು ಸಲ ಮರುಕಳಿಸಿದರೆ ಮೇಲಧಿಕಾರಿಯ ಬಳಿ ಹೋಗಿ. ಇಲ್ಲಿ ಒಂದು ಹೊಂಡವಿದೆ. ಲೀಯಾ ಶೆಪರ್ಡ್ ಮತ್ತು ಕಾರ್ಲ್ ಅಕ್ವಿನೊ 2013ರಲ್ಲಿ ಇಬ್ಬರು ವ್ಯವಸ್ಥಾಪಕರ ಜಗಳದ ಒಂದೇ ವರದಿಯನ್ನು ಹೆಸರು ಮಾತ್ರ ಬದಲಿಸಿ ಜನರಿಗೆ ಓದಿಸಿದರು. ಇಬ್ಬರೂ ಹೆಂಗಸರಾಗಿದ್ದಾಗ, ಇವರ ಸಂಬಂಧ ಇನ್ನು ಸರಿಹೋಗದು ಎಂಬ ಅಭಿಪ್ರಾಯ ಹೆಚ್ಚು ಬಂತು. ಅಂದರೆ ನೀವು "ಅವರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು" ಎಂದು ಶುರು ಮಾಡಿದ ಕ್ಷಣದಲ್ಲಿ ವಿಷಯ "ಹೆಂಗಸರ ಜಗಳ" ಎಂಬ ಡಬ್ಬಿಗೆ ಬೀಳುತ್ತದೆ, ಕೆಲಸದ ನಷ್ಟ ಮರೆಯಾಗುತ್ತದೆ. ನಿಮ್ಮ ಮನೆಯವರ ಮಾತು ಸಮಸ್ಯೆ ಬಗೆಹರಿಯದಂತೆ ತಡೆಯುತ್ತದೆ ಎಂದದ್ದು ಇದಕ್ಕೇ. ಮೂರು ದಿನಾಂಕ, ಮೂರು ಪರಿಣಾಮ, ನೀವು ಈಗಾಗಲೇ ಮಾಡಿದ ಪ್ರಯತ್ನ, ಬೇಕಾದ ಬದಲಾವಣೆ: ಒಂದು ಪುಟಕ್ಕಿಂತ ಹೆಚ್ಚಿಗೆ ಬೇಡ. ಬದಲಾವಣೆಯೂ ನಿಖರವಾಗಿರಲಿ. "ಅವರಿಗೆ ಬುದ್ಧಿ ಹೇಳಿ" ಎಂದರೆ ಆಗುವುದು ಒಂದು ಕೈಕುಲುಕಿಸುವ ಶಾಸ್ತ್ರ, ಅಷ್ಟೆ. "ಪ್ರಾಜೆಕ್ಟಿನ ಯಾವ ಭಾಗ ಯಾರದ್ದು ಎಂದು ಬರೆದು ಹಂಚಿ", "ಮುಂದಿನ ಪ್ರಾಜೆಕ್ಟ್ ಹಂಚುವಾಗ ಆಧಾರವನ್ನು ಎಲ್ಲರಿಗೂ ತಿಳಿಸಿ", "ಇಬ್ಬರಿಗೂ ಬೇರೆ ಬೇರೆ ಮುಖ್ಯ ಹೊಣೆ ಕೊಡಿ" ಎಂದು ಕೇಳಿ. ಕೊನೆಯದು ಟೆಸ್ಸರ್ ಹೇಳಿದ ಎರಡನೆಯ ಷರತ್ತನ್ನೇ ಸಡಿಲಿಸುತ್ತದೆ: ಅವರಿಗೂ ತಮ್ಮದೇ ಒಂದು ಗೆಲುವಿನ ಜಾಗವಿದ್ದರೆ ನಿಮ್ಮ ಗೆಲುವು ಅಷ್ಟು ಕುಟುಕುವುದಿಲ್ಲ.

ಬೆದರಿಕೆ, ಖಾಸಗಿ ಫೋಟೊ ಅಥವಾ ಸಂದೇಶ ಹಂಚುವುದು, ನಿಮ್ಮ ನಡತೆಯ ಬಗ್ಗೆ ಅಶ್ಲೀಲ ಗಾಳಿಸುದ್ದಿ, ಕಡತ ಅಳಿಸುವುದು ಇಂಥವು ನಡೆದರೆ ಈ ಹಂತಗಳಾವುವೂ ಬೇಡ. ಸಾಕ್ಷ್ಯವನ್ನು ಉಳಿಸಿಕೊಂಡು ನೇರವಾಗಿ ಎಚ್‌ಆರ್‌ಗೆ ಲಿಖಿತ ದೂರು ಕೊಡಿ. ಎರಡು ವಾರಕ್ಕೂ ಹೆಚ್ಚು ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬೆಳಿಗ್ಗೆ ಕಚೇರಿಯ ನೆನಪಿಗೇ ಎದೆ ಹೊಡೆದುಕೊಳ್ಳುತ್ತಿದ್ದರೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಲು ತಡಮಾಡಬೇಡಿ.

ಈ ಕ್ರಮಗಳಿಗೆ ಎರಡು ತಿಂಗಳು ಸಮಯ ಕೊಡಿ. ಹಳೆಯ ಆತ್ಮೀಯತೆ ಮರಳುವುದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅದು ಬಾರದೆಯೂ ಇರಬಹುದು. ಮಾಹಿತಿ ಸಮಯಕ್ಕೆ ತಲುಪುತ್ತಿದೆಯೇ, ನಿಮ್ಮ ಕೆಲಸ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತಿದೆಯೇ, ಮೇಲಧಿಕಾರಿ ನಿಮ್ಮ ಬಗ್ಗೆ ನಿಮ್ಮನ್ನೇ ಕೇಳುತ್ತಿದ್ದಾರೆಯೇ ಎಂದು ನೋಡಿ. ಮೂರರಲ್ಲಿ ಎರಡು ಸರಿಹೋಗಿದ್ದರೆ ಅದೇ ದಾರಿಯಲ್ಲಿ ಮುಂದುವರಿಯಿರಿ. ಏನೂ ಬದಲಾಗದಿದ್ದರೆ, ಮೇಲಧಿಕಾರಿಯೂ "ನಿಮ್ಮ ನಿಮ್ಮಲ್ಲೇ ಸರಿಮಾಡಿಕೊಳ್ಳಿ" ಎಂದು ಕೈತೊಳೆದುಕೊಂಡಿದ್ದರೆ, ತೊಂದರೆ ಆ ಒಬ್ಬ ಸಹೋದ್ಯೋಗಿಯಲ್ಲಿ ಮಾತ್ರ ಇಲ್ಲ. ಆಗ ಆ ದಾಖಲೆ ಮತ್ತು ವಾರದ ವರದಿಗಳ ಬಲದ ಮೇಲೆ ಅದೇ ಸಂಸ್ಥೆಯ ಬೇರೆ ತಂಡಕ್ಕೆ ವರ್ಗಾವಣೆ ಕೇಳಿ. ಅಲ್ಲಿಗೆ ಹೋಗುವ ಮೊದಲು ಆ ತಂಡದಲ್ಲಿ ಪ್ರಾಜೆಕ್ಟುಗಳನ್ನು ಯಾವ ಆಧಾರದ ಮೇಲೆ ಹಂಚುತ್ತಾರೆ ಎಂದು ಅಲ್ಲಿರುವ ಇಬ್ಬರನ್ನಾದರೂ ಕೇಳಿ ತಿಳಿದುಕೊಳ್ಳಿ.